ಗೋಂದು ಹಾಕಿ ಅಂಟಿಸಿದ ಚೀಟಿ

ಶ್ರದ್ಧಾಂಜಲಿ ಸಭೆಯ ಫ್ಲೆಕ್ಸಿನಲ್ಲಿ ಅವರ ಫೋಟೋದ ಕೆಳಗೆ ‘ಹಿರಿಯ ಉಪನ್ಯಾಸಕಿ’ ಎಂದು ಹಾಕಿಸಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಕೋಲಾರದ ಹೊರವಲಯದ ಆ ಡಿಪ್ಲೊಮಾ ಕಾಲೇಜಿಗೆ ಅವರು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದವರು, ಇಪ್ಪತ್ತನಾಲ್ಕು ವರ್ಷದ ನಂತರ ಇನ್‌ಸ್ಟ್ರಕ್ಟರ್ ಆಗಿಯೇ ನಿವೃತ್ತರಾದವರು. ಬಡ್ತಿಗೆ ಅರ್ಜಿ ಹಾಕಿದಾಗಲೆಲ್ಲ ಒಂದೊಂದು ನೆಪ ಹೇಳಿ ವಾಪಸು ಕಳಿಸಿದ ಆಡಳಿತದವರು, ಸತ್ತ ಹದಿನೈದು ದಿನಕ್ಕೆ ಫ್ಲೆಕ್ಸ್ ಅಂಗಡಿಯವನ ಕೈಯಿಂದ ಬಡ್ತಿ ಕೊಡಿಸಿದ್ದರು. ಪಕ್ಕದಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಬೇರೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಅದೂ ಅಲ್ಲದೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ವಿದ್ಯಾರ್ಥಿಗಳಿಗೂ ಜವಾನರಿಗೂ ನಮಗೂ ಅವರು ಬರೀ ‘ಮೇಡಂ’. ಬೇರೆ ಮೇಡಂಗಳಿಗೆ ಗುರುತಿಗೆಂದು ವಿಷಯದ ಹೆಸರು ಸೇರಿಸಬೇಕಿತ್ತು, ಇವರಿಗೆ ಬೇಕಿರಲಿಲ್ಲ.

ದಿನಾ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳಗಿನ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿರುತ್ತಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯಲ್ಲಿ ಊಟದ ಡಬ್ಬಿ, ಕೆಂಪು ಪೆನ್ನು, ಕತ್ತರಿಸಿದ ಕಾಗದದ ಚೂರುಗಳು, ಗೋಂದಿನ ಬಾಟಲಿ. ಮಾವಿನ ಕಾಲದಲ್ಲಿ ಉಪ್ಪುಖಾರ ಹಚ್ಚಿದ ಕಾಯಿ ಹೋಳುಗಳೂ ಇರುತ್ತಿದ್ದವು. ಪ್ರೋಗ್ರಾಮು ಸರಿಯಾಗಿ ಓಡಿಸಿದವರಿಗೆ ಮಾತ್ರ ಒಂದು ಹೋಳು. ನಾನು ಇಪ್ಪತ್ತಾರನೇ ವಯಸ್ಸಿಗೆ ಅಲ್ಲಿ ಉಪನ್ಯಾಸಕನಾಗಿ ಸೇರಿದೆ. ಕಾಗದದ ಮೇಲೆ ನಾನು ಆ ಲ್ಯಾಬಿನ ಉಸ್ತುವಾರಿ, ಅವರು ನನ್ನ ಕೈಕೆಳಗಿನವರು. ಮೊದಲ ಬೇಸಗೆಯಲ್ಲಿ ಆ ಉಸ್ತುವಾರಿಗೆ ಒಂದು ಹೋಳೂ ಸಿಗಲಿಲ್ಲ.

ಗೋಂದಿನ ಬಾಟಲಿ ಚೀಟಿಗಳಿಗಾಗಿ. ಲ್ಯಾಬಿನಲ್ಲಿ ಅವರ ಚೀಟಿ ಇಲ್ಲದ ಜಾಗವೇ ಇರಲಿಲ್ಲ. ಸ್ವಿಚ್ ಬೋರ್ಡಿನ ಮೇಲೆ ‘ಇದು ಫ್ಯಾನಿಂದಲ್ಲ, ಒತ್ತಿ ನೋಡಬೇಡ’. ಹನ್ನೆರಡನೇ ಕಂಪ್ಯೂಟರಿನ ಮೇಲೆ ‘ನಿಧಾನಕ್ಕೆ ಏಳುತ್ತೆ, ಬೈಯಬೇಡ’. ಬಾಗಿಲ ಹಿಂದೆ ‘ಚಪ್ಪಲಿ ನಿನ್ನದೇನಾ ನೋಡ್ಕೋ’. ಎಲ್ಲ ಕೆಂಪು ಶಾಯಿ, ಎಲ್ಲ ದುಂಡು ಅಕ್ಷರ. ಟೇಪು ಯಾಕೆ ಹಚ್ಚುವುದಿಲ್ಲ ಎಂದು ಕೇಳಿದ್ದೆ. ‘ಟೇಪು ಬಿಸಿಲಿಗೆ ಬಿಟ್ಕೊಳ್ಳುತ್ತೆ ಸಾರ್. ನಾನು ಹೇಳಿದ ಮಾತು ತಾನಾಗೇ ಕೆಳಗೆ ಬೀಳಬಾರ್ದು’ ಎಂದಿದ್ದರು.

ಅವರಿಗೆ ಕುರ್ಚಿ ಇರಲಿಲ್ಲ. ಲ್ಯಾಬಿಗೆ ಮಂಜೂರಾಗಿದ್ದು ಒಂದೇ ಕುರ್ಚಿ, ಅದು ಉಸ್ತುವಾರಿಯದ್ದು, ಅಂದರೆ ನನ್ನದು. ಅವರು ಒಂದು ಸ್ಟೂಲಿನ ಮೇಲೆ ಕೂತು ಪಾಠ ಮಾಡುತ್ತಿದ್ದರು. ‘ನೀವು ಕೂತ್ಕೊಳ್ಳಿ ಮೇಡಂ’ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲಿ. ಸಿಟ್ಟು ಏರಿದ ಹಾಗೆಲ್ಲ ಕನ್ನಡ ಇಳಿದು ತೆಲುಗು ಬರುತ್ತಿತ್ತು. ‘ಏನ್ಲಾ’ದಲ್ಲಿ ಶುರುವಾಗಿ ‘ಬುರ್ರ ಉಂದಾ ಲೇದಾ ನೀಕು?’ಗೆ ಮುಟ್ಟಿತು ಎಂದರೆ, ತಲೆಯಿದೆಯೋ ಇಲ್ಲವೋ ಎಂದು ಕೇಳಿಸಿಕೊಂಡವನು ಆ ದಿನ ಮನೆಗೆ ಹೋಗುವ ಮುಂಚೆ ಪ್ರೋಗ್ರಾಮು ಓಡಿಸಲೇಬೇಕು. ಆದರೆ ಬೈದದ್ದನ್ನು ಮರುದಿನಕ್ಕೆ ಉಳಿಸಿಕೊಂಡವರಲ್ಲ. ಮುಖ್ಯವಾಗಿ, ಬೆನ್ನ ಹಿಂದೆ ಒಬ್ಬರನ್ನೂ ಬೈದವರಲ್ಲ.

ಸಿಮ್‌ಲಿಂಕ್ ಎಂಬುದನ್ನು, ಅಂದರೆ ಕಂಪ್ಯೂಟರಿನಲ್ಲಿ ಒಂದು ಫೈಲು ಎಲ್ಲಿದೆ ಎಂದು ತೋರಿಸುವ ಕೊಂಡಿಯನ್ನು, ನಾನು ನಿಜವಾಗಿ ಕಲಿತದ್ದು ಅವರಿಂದ. ಡಿಗ್ರಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಆದರೆ ಒಂದು ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕೂತು ಅವರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ, ಅದುವರೆಗೆ ಏನೂ ಗೊತ್ತಿರಲಿಲ್ಲ ಎಂಬುದು ಗೊತ್ತಾಯಿತು.

‘ಲೇ, ನಿಮ್ಮಮ್ಮ ಬೀಗ ಹಾಕ್ಕೊಂಡು ಹೊರಗೆ ಹೋಗ್ತಾರೆ. ಬಾಗಿಲಿಗೆ ಒಂದು ಚೀಟಿ ಅಂಟಿಸ್ತಾರೆ, ಬೀಗದ ಕೈ ಎದುರು ಮನೇಲಿದೆ ಅಂತ. ಆ ಚೀಟಿ ಬೀಗದ ಕೈಯೇನೋ?’

‘ಅಲ್ಲ ಮೇಡಂ.’

‘ಚೀಟಿ ಹರಿದ್ರೆ ಬೀಗದ ಕೈ ಹೋಗುತ್ತಾ?’

‘ಇಲ್ಲ ಮೇಡಂ.’

‘ಎದುರು ಮನೆಯವ್ರು ಮನೆ ಖಾಲಿ ಮಾಡ್ಕೊಂಡು ಹೋದ್ರೆ ಚೀಟಿ ತಾನಾಗೇ ಉದುರುತ್ತಾ? ಇಲ್ಲ. ಅದು ಹಂಗೇ ಸುಳ್ಳು ಹೇಳ್ಕೊಂಡು ಅಂಟ್ಕೊಂಡಿರುತ್ತೆ. ಇದೇ ಕಣೋ ಸಿಮ್‌ಲಿಂಕು. ಆಪರೇಟಿಂಗ್ ಸಿಸ್ಟಮ್ಮಿಗೆ ಒಂದು ಕರೆ ಕೊಡ್ತೀಯ, ಎರಡು ಮಾತು ಹೇಳ್ತೀಯ. ಮೊದ್ಲು ಚೀಟಿ ಮೇಲೆ ಏನು ಬರೀಬೇಕು. ಆಮೇಲೆ ಎಲ್ಲಿ ಅಂಟಿಸ್ಬೇಕು. ಹಿಂದುಮುಂದಾಗಿ ಹೇಳಿದ್ರೆ ಹೊರಗೆ ಕಳಿಸ್ತೀನಿ.’

ಒಬ್ಬ ಹುಡುಗ ಬರೆದು ಓಡಿಸಿದ. ‘ಸೊನ್ನೆ ಬಂತು ಮೇಡಂ, ಆಯ್ತು’ ಎಂದ. ಕರೆ ಕೈಗೂಡಿದರೆ ಸಿಸ್ಟಮ್ಮು ವಾಪಸು ಕೊಡುವುದು ಸೊನ್ನೆ. ಮೇಡಂ ಸ್ಟೂಲಿನಿಂದ ಎದ್ದರು. ‘ಏನು ಆಯ್ತು? ಸೊನ್ನೆ ಬಂದ್ರೆ ಚೀಟಿ ಅಂಟ್ತು ಅಂತ ಅರ್ಥ, ಅಷ್ಟೆ. ಎದುರು ಮನೇಲಿ ಬೀಗದ ಕೈ ಇದೆಯಾ ಅಂತ ಸಿಸ್ಟಮ್ಮು ಹೋಗಿ ನೋಡಲ್ಲ. ನೀನು ಹೋಗಿ ನೋಡ್ಬೇಕು. ತೆರೆದು ನೋಡೋ ಒಂದ್ಸಲ!’

ಇನ್ನೂ ಒಂದು ಮಾತು ಹೇಳಿದರು. ‘ಎದುರು ಮನೆ’ ಎಂದರೆ ಯಾರ ಎದುರು? ಚೀಟಿ ಬರೆಯುವಾಗ ನೀನು ಎಲ್ಲಿ ನಿಂತಿದ್ದೆ ಎಂಬುದು ಲೆಕ್ಕಕ್ಕಿಲ್ಲ, ಚೀಟಿ ಯಾವ ಬಾಗಿಲ ಮೇಲಿದೆಯೋ ಆ ಬಾಗಿಲಿನ ಎದುರು. ಅದನ್ನು ಕಿತ್ತು ಬೇರೆ ಬೀದಿಯ ಬಾಗಿಲಿಗೆ ಅಂಟಿಸಿದರೆ ಅಲ್ಲಿನ ಎದುರು ಮನೆಯಲ್ಲಿ ಹೋಗಿ ಕೇಳುತ್ತಾರೆ, ಇಲ್ಲವೇ ಅಲ್ಲಿ ಖಾಲಿ ಸೈಟು ಇರುತ್ತದೆ. ಆ ದಿನ ನನಗೆ ಮೊದಲ ಮಾವಿನ ಹೋಳು ಸಿಕ್ಕಿತು. ಯಾಕೆ ಕೊಟ್ಟರೋ ತಿಳಿಯದು, ನನ್ನ ಮುಖದಲ್ಲಿ ಅರ್ಥವಾದದ್ದು ಕಂಡಿರಬೇಕು.

ಅವರು ಇದನ್ನು ಬರೀ ಪಾಠಕ್ಕೆ ಇಟ್ಟುಕೊಂಡಿರಲಿಲ್ಲ. ಒಮ್ಮೆ ಪ್ರಾಯೋಗಿಕ ಪರೀಕ್ಷೆಯ ಉತ್ತರಗಳನ್ನು ನೋಡಲು ಹೊರಗಿನಿಂದ ಬಂದ ಪರೀಕ್ಷಕರು ಯಾವುದೋ ಗುಂಡಿ ಒತ್ತಿ ಒಬ್ಬ ಹುಡುಗನ ಕೆಲಸವನ್ನೇ ಅಳಿಸಿಬಿಟ್ಟಿದ್ದರಂತೆ. ಅಂದಿನಿಂದ ಮೇಡಂ ಮೂವತ್ತು ಸಾಲಿನ ಒಂದು ಪ್ರೋಗ್ರಾಮು ಬರೆದಿಟ್ಟುಕೊಂಡರು. ವಿದ್ಯಾರ್ಥಿಗಳ ಅಸಲು ಕೆಲಸ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಒಳಗಡೆ ಇರುತ್ತಿತ್ತು. ಅದೇ ಕಂಪ್ಯೂಟರಿನಲ್ಲಿ ಪರೀಕ್ಷಕರಿಗೆಂದು ಒಂದು ಫೋಲ್ಡರು. ಅದರಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಸಿಮ್‌ಲಿಂಕು. ಅವರು ತೆರೆದು ಓದಬಹುದು. ಕೈತಪ್ಪಿ ಅಳಿಸಿದರೂ ಹೋಗುವುದು ಚೀಟಿ ಮಾತ್ರ. ಎಷ್ಟೋ ವರ್ಷ ಒಂದು ತೊಂದರೆಯಾಗದೆ ನಡೆಯಿತು. ಇದಕ್ಕೆ ಅವರಿಗೆ ಒಂದು ಮೆಚ್ಚುಗೆಯ ಮಾತೂ ಸಿಗಲಿಲ್ಲ, ಯಾಕೆಂದರೆ ತೊಂದರೆಯಾಗದಿದ್ದರೆ ಕೆಲಸ ನಡೆದದ್ದು ನಮ್ಮ ಕಾಲೇಜಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಏಳು ವರ್ಷದ ಹಿಂದಿನ ಮಾತು. ಪ್ರಾಯೋಗಿಕ ಪರೀಕ್ಷೆ ಮುಗಿದಿತ್ತು, ಪರೀಕ್ಷಕರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ತಪಾಸಣಾ ತಂಡ ಬರುತ್ತದೆಂದು ಕಾಲೇಜಿಗೆ ಸುಣ್ಣಬಣ್ಣ ಶುರುವಾಯಿತು. ಲ್ಯಾಬಿಗೆ ಹೊಸ ಕಂಪ್ಯೂಟರು ಬಂತು. ಮೇಡಂ ಮುಳಬಾಗಿಲಿನಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಎರಡು ದಿನ ರಜೆ ಹಾಕಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಲ್ಯಾಬಿಗೆ ಬಂದು ಸುತ್ತ ಕಣ್ಣಾಡಿಸಿ ಮುಖ ಸಿಂಡರಿಸಿದರು.

‘ಏನ್ರೀ ಇದು, ಸಂತೇಲಿ ದರ ಬರೆದು ನೇತಾಕಿದಂಗೆ! ಒಂದು ಚೀಟಿ ಕಾಣಿಸ್ಬಾರ್ದು. ಆ ಮೂಲೇಲಿರೋ ತಗಡು ಡಬ್ಬಾನೂ ತೆಗೀರಿ. ಅದ್ರಲ್ಲಿರೋ ಪರೀಕ್ಷಕರ ಫೋಲ್ಡರ್ ಹೊಸದಕ್ಕೆ ಹಾಕ್ಬಿಟ್ಟು, ಅದನ್ನ ಪೂರ್ತಿ ಅಳಿಸಿ ಸ್ಟೋರಿಗೆ ಕಳಿಸಿ.’

ನಾನು ಚೀಟಿಗಳನ್ನು ಕೀಳತೊಡಗಿದೆ. ಉಗುರು ನೋಯುತ್ತಿತ್ತು, ಅಷ್ಟು ಗಟ್ಟಿಯಾಗಿ ಅಂಟಿದ್ದವು. ಹಳೇ ಕಂಪ್ಯೂಟರಿನ ನೆತ್ತಿಯ ಮೇಲೆ ಹೊಸದಾಗಿ ಅಂಟಿಸಿದ್ದ ಒಂದು ಚೀಟಿ ಇತ್ತು. ‘ಪರೀಕ್ಷಕರ ಫೋಲ್ಡರಿನಲ್ಲಿ ಇರೋದು ಬರೀ ಲಿಂಕು. ಅಸಲು ಇದರ ಒಳಗೇ ಬೇರೆ ಕಡೆ ಇದೆ. ನಾನು ಬರೋವರೆಗೆ ಯಾರೂ ಮುಟ್ಟಬೇಡಿ.’

ನಾನು ಅದನ್ನು ಓದಿದೆ. ಓದಲಿಲ್ಲ ಎಂದು ಬರೆದರೆ ನನ್ನ ತಪ್ಪು ಹಿಡಿಯುವವರು ಯಾರೂ ಇಲ್ಲ, ಆದರೆ ನಾನು ಓದಿದೆ. ಓದಿದಾಗ ನನಗೆ ಅನಿಸಿದ್ದು ಇಷ್ಟೆ: ಉಸ್ತುವಾರಿ ನಾನು, ಒಬ್ಬ ಇನ್‌ಸ್ಟ್ರಕ್ಟರ್ ನನಗೆ ಮುಟ್ಟಬೇಡಿ ಅನ್ನುವುದೇನು? ಚೀಟಿಯನ್ನು ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡೆ. ಫೋಲ್ಡರನ್ನು ಹೊಸ ಕಂಪ್ಯೂಟರಿಗೆ ಹಾಕಿದೆ. ಅರವತ್ತೊಂದು ಹೆಸರುಗಳು ಸಾಲಾಗಿ ಕಂಡವು. ಒಂದನ್ನೂ ತೆರೆದು ನೋಡಲಿಲ್ಲ. ಹಳೆಯದನ್ನು ಪೂರ್ತಿ ಅಳಿಸಿ, ಅದರ ಮೇಲೆ ಹೊಸದಾಗಿ ಸಿಸ್ಟಮ್ಮು ತುಂಬಿಸಿ, ಒರೆಸಿ ಸ್ಟೋರಿಗೆ ಕಳಿಸಿದೆ. ತಪಾಸಣಾ ತಂಡ ಬಂದು, ಗೋಡಂಬಿ ತಿಂದು, ಲ್ಯಾಬು ಚೊಕ್ಕಟವಾಗಿದೆ ಎಂದು ಬರೆದು ಹೋಯಿತು.

ಪರೀಕ್ಷಕರು ಬಂದು ಮೊದಲ ಹೆಸರನ್ನು ತೆರೆದಾಗ ‘ಅಂಥ ಫೈಲ್ ಇಲ್ಲ’ ಎಂದು ಬಂತು. ಎರಡನೆಯದೂ ಹಾಗೆಯೇ. ಅರವತ್ತೊಂದು ಚೀಟಿಗಳು, ಅರವತ್ತೊಂದು ಖಾಲಿ ಸೈಟು.

ಮುಖ್ಯಸ್ಥರು ಅದೇ ಸಂಜೆ ವರದಿ ತಯಾರಿಸಿದರು. ‘ಇನ್‌ಸ್ಟ್ರಕ್ಟರ್ ಅವರು ಸಿದ್ಧಪಡಿಸಿದ ದೋಷಪೂರಿತ ಪ್ರೋಗ್ರಾಮಿನಿಂದಾಗಿ’ ಎಂದು ಶುರುವಾಗುವ ಒಂದೂವರೆ ಪುಟ. ಕೆಳಗೆ ಉಸ್ತುವಾರಿ ಉಪನ್ಯಾಸಕರ ಸಹಿ ಬೇಕಿತ್ತು. ನನ್ನ ಕೆಲಸ ಕಾಯಂ ಆಗುವುದಕ್ಕೆ ಇನ್ನು ಎಂಟು ತಿಂಗಳಿತ್ತು. ನಾನು ಸಹಿ ಮಾಡಿದೆ.

ಮೇಡಂ ವರದಿಯನ್ನು ಓದಿ ಮೇಜಿನ ಮೇಲಿಟ್ಟರು. ಅವತ್ತು ತೆಲುಗೂ ಬರಲಿಲ್ಲ. ‘ಇದು ಆಮೇಲೆ ನೋಡೋಣ. ಮೊದ್ಲು ಮಕ್ಕಳದ್ದು ಏನು?’ ಎಂದರು. ಪರೀಕ್ಷಕರನ್ನು ಕಾಡಿ ಬೇಡಿ ಹತ್ತು ದಿನ ಗಡುವು ತಂದರು. ಪರೀಕ್ಷೆಗೆ ಮುಂಚೆ ಲ್ಯಾಬಿನಲ್ಲೇ ಅಭ್ಯಾಸ ಮಾಡಿ ಬೆಳೆಸಿಕೊಂಡ ಪ್ರೋಗ್ರಾಮನ್ನೇ ಪರೀಕ್ಷೆಯಲ್ಲಿ ಮುಗಿಸಿ ಒಪ್ಪಿಸುವುದು ನಮ್ಮಲ್ಲಿನ ಪದ್ಧತಿ. ಹಾಗಾಗಿ ಯಾರ ಪೆನ್ ಡ್ರೈವಿನಲ್ಲಾದರೂ, ಮೊಬೈಲಿನಲ್ಲಾದರೂ ಅದರ ನಕಲು ಇದ್ದರೆ ಒಪ್ಪಿಕೊಳ್ಳುತ್ತೇನೆ ಎಂದು ಪರೀಕ್ಷಕರು ಹೇಳಿದ್ದರು. ರಜೆಗೆ ಊರು ಸೇರಿದ್ದ ಮಕ್ಕಳ ಪಟ್ಟಿಯನ್ನು ಮೇಡಂ ಹೋಬಳಿವಾರು ಬರೆದುಕೊಂಡರು. ನಾನು ಸ್ಕೂಟರು ಓಡಿಸಿದೆ. ‘ಬರ್ತೀನಿ ಮೇಡಂ’ ಎಂದು ನಾನೇ ಹೇಳಿದೆ. ಒಳ್ಳೆಯತನವಲ್ಲ, ನನ್ನನ್ನು ಬಿಟ್ಟು ಹೋದರೆ ಅವರಿಗೆ ಏನಾದರೂ ಗೊತ್ತಾಗಿಬಿಡುತ್ತದೆಂಬ ಹೆದರಿಕೆ.

ವಕ್ಕಲೇರಿಯಲ್ಲಿ ಒಬ್ಬನ ಪೆನ್ ಡ್ರೈವು ಹಾಲಿನ ಡೈರಿಯಲ್ಲಿ ಹಾಡು ಕೇಳುವುದಕ್ಕೆ ಹೋಗಿತ್ತು. ಹಾಲು ಹಾಕುವ ಹೊತ್ತಿನವರೆಗೆ ಕಾದು ಅದನ್ನು ಪಡೆದೆವು. ಮಾಲೂರಿನಲ್ಲಿ ಫ್ಯಾಕ್ಟರಿಗೆ ಸೇರಿಕೊಂಡಿದ್ದ ಮೂವರನ್ನು ಶಿಫ್ಟು ಬಿಡುವಾಗ ಮೇಡಂ ಗೇಟಿನಲ್ಲೇ ಹಿಡಿದರು. ಹುತ್ತೂರಿನಲ್ಲಿ ಒಬ್ಬ ಹುಡುಗಿಯ ಮೊಬೈಲು ರೇಷ್ಮೆ ಹುಳು ಸಾಕುವ ಮನೆಯೊಳಗಿತ್ತು. ಅವಳ ಅಜ್ಜಿ ಹೊರಗಿನವರನ್ನು ಬಾಗಿಲ ಹತ್ತಿರಕ್ಕೂ ಬಿಡಲಿಲ್ಲ. ಹುಳು ಈಗಷ್ಟೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿವೆ, ಹುಡುಗಿ ಸೊಪ್ಪು ಹಾಕಿ ಮುಗಿಸಿ ಬರಬೇಕು ಎಂದರು. ಮೇಡಂ ಹಿಪ್ಪುನೇರಳೆ ಸಾಲಿನ ಪಕ್ಕ ಬಿಸಿಲಲ್ಲಿ ಒಂದು ಗಂಟೆ ನಿಂತರು. ಐವತ್ತು ದಾಟಿದ ಹೆಂಗಸು, ಮಂಡಿ ನೋವು ಬೇರೆ. ನಾನು ಸ್ಕೂಟರಿನ ನೆರಳಲ್ಲಿ ಕೂತಿದ್ದೆ.

ಅರವತ್ತೊಂದರಲ್ಲಿ ಐವತ್ತೊಂಬತ್ತು ಸಿಕ್ಕವು. ಉಳಿದ ಇಬ್ಬರಲ್ಲಿ ಒಬ್ಬನಿಗೆ ಮುಂದೆ ಓದುವ ಮನಸ್ಸೇ ಇರಲಿಲ್ಲ. ಇನ್ನೊಬ್ಬಳು ತಾಯಲೂರಿನ ಹುಡುಗಿ. ತರಗತಿಯಲ್ಲಿ ಅತ್ಯಂತ ಜಾಣೆ, ಮೇಡಂ ಕೈಯ ಮಾವಿನ ಹೋಳು ಹೆಚ್ಚು ತಿಂದವಳು. ಅವಳ ಹತ್ತಿರ ಪೆನ್ ಡ್ರೈವೂ ಇರಲಿಲ್ಲ, ಮೊಬೈಲೂ ಇರಲಿಲ್ಲ, ಎಲ್ಲವನ್ನೂ ಲ್ಯಾಬಿನಲ್ಲಿ ಕೂತು ಮಾಡಿದ್ದಳು. ‘ನಾನು ಮತ್ತೆ ಬರೆದು ಕೊಡ್ತೀನಿ ಮೇಡಂ, ಎಲ್ಲಾ ನೆನಪಿದೆ’ ಎಂದಳು. ಬರೆದೂ ಕೊಟ್ಟಳು. ಹೊಸದಾಗಿ ಬರೆದದ್ದು ನಡೆಯುವುದಿಲ್ಲ ಎಂದು ಪರೀಕ್ಷಕರು ತಳ್ಳಿಹಾಕಿದರು. ಫಲಿತಾಂಶ ತಡೆಹಿಡಿದರು, ಡಿಪ್ಲೊಮಾದವರು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಕೌನ್ಸೆಲಿಂಗು ಅಷ್ಟರಲ್ಲಿ ಮುಗಿದುಹೋಯಿತು. ಮರುವರ್ಷ ಪರೀಕ್ಷೆ ಪಾಸು ಮಾಡಿದಳು, ಆದರೆ ಓದಿಗೆ ವಾಪಸು ಬರಲಿಲ್ಲ. ಈಗ ಮುಳಬಾಗಿಲಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಸುವ ಒಂದು ಅಂಗಡಿಯಲ್ಲಿದ್ದಾಳೆ.

ತಾಯಲೂರಿನಿಂದ ವಾಪಸು ಬರುವಾಗ ಕೆರೆ ಏರಿಯ ಮೇಲೆ ಮೇಡಂ ಸ್ಕೂಟರು ನಿಲ್ಲಿಸಲು ಹೇಳಿದರು. ಕೆಳಗಿಳಿದು ನನ್ನ ಮುಖ ನೋಡಿದರು.

‘ಸಾರ್, ನಾನು ಚೀಟಿ ಅಂಟಿಸಿ ಹೋಗಿದ್ದೆ. ಗೋಂದು ಹಾಕಿ ಅಂಟಿಸಿದ್ದೆ. ಅದು ತಾನಾಗೇ ಬೀಳಲ್ಲ. ಯಾರು ಕಿತ್ತಿದ್ದು?’

‘ಗೊತ್ತಿಲ್ಲ ಮೇಡಂ. ಕಸ ಗುಡಿಸೋ ಅಮ್ಮ ಕಿತ್ತಿರ್ಬೇಕು.’

‘ಆಯಮ್ಮಂಗೆ ಓದೋಕೆ ಬರಲ್ಲ ಸಾರ್. ಆದ್ರೂ ನನ್ನ ಚೀಟಿ ಮುಟ್ಟಲ್ಲ’ ಎಂದರು ಮೇಡಂ. ಸ್ವಲ್ಪ ಹೊತ್ತು ಕಾದರು. ಆಮೇಲೆ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ಆ ಹೊತ್ತಿನಲ್ಲಿ ಅವರು ನನ್ನನ್ನು ಬೈದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಎಲ್ಲರನ್ನೂ ಬಾಯಿ ತುಂಬ ಬೈಯುತ್ತಿದ್ದ ಹೆಂಗಸು ನನ್ನನ್ನು ಮಾತ್ರ ಯಾಕೆ ಬೈಯಲಿಲ್ಲ ಎಂದು ಇಷ್ಟು ವರ್ಷ ಅವರ ಮೇಲೂ ಸಿಟ್ಟು ಇಟ್ಟುಕೊಂಡಿದ್ದೆ. ಎಂಥ ನಾಚಿಕೆಗೆಟ್ಟ ಸಿಟ್ಟು ನೋಡಿ. ಕಿತ್ತವನು ನಾನು, ಕೇಳಿಸಿಕೊಂಡು ಸುಳ್ಳು ಹೇಳಿದವನು ನಾನು, ಬಾಯಿ ಬಿಡಿಸಬೇಕಾದ ಕೆಲಸ ಅವರದ್ದು!

ಆ ವರದಿಯ ಮೇಲೆ ಅವರನ್ನು ಲೈಬ್ರರಿಗೆ ಹಾಕಿದರು. ಪುಸ್ತಕದ ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸುವ ಕೆಲಸ. ಮುಖ್ಯಸ್ಥರಿಗೆ ಇದರಲ್ಲಿ ತಮಾಷೆ ಕಂಡಿತ್ತು. ‘ಚೀಟಿ ಅಂಟಿಸೋದು ಅಂದ್ರೆ ಅವರಿಗೆ ಇಷ್ಟ ಅಲ್ವೇನ್ರೀ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕರು, ಟೀ ಕುಡಿಯುತ್ತಿದ್ದ ನಾವೂ ನಕ್ಕೆವು. ಐದು ವರ್ಷ ಅವರು ಅದೇ ಕೆಲಸ ಮಾಡಿದರು. ಒಂದು ಚೀಟಿಯೂ ಸೊಟ್ಟಗಿಲ್ಲ, ಬೇಕಾದರೆ ಹೋಗಿ ನೋಡಿ. ನಾನು ಕಾಯಂ ಆದೆ, ಹಿರಿಯ ಉಪನ್ಯಾಸಕನೂ ಆದೆ. ಲೈಬ್ರರಿಯ ಮುಂದೆ ಹೋಗುವಾಗ ಮೊಬೈಲು ಕಿವಿಗಿಟ್ಟುಕೊಂಡು ಹೋಗುತ್ತಿದ್ದೆ.

ಮುಖ್ಯಸ್ಥರು ಈಗ ಪ್ರಾಂಶುಪಾಲರು. ಶ್ರದ್ಧಾಂಜಲಿ ಸಭೆಯಲ್ಲಿ ಮೊದಲ ಮಾತು ಅವರದ್ದೇ. ಬಸ್ಸು, ಬುಟ್ಟಿ, ಮಾವಿನ ಹೋಳು ಎಲ್ಲವನ್ನೂ ಹೇಳಿದರು. ಒಂದು ಹೋಳನ್ನೂ ತಿಂದ ಮನುಷ್ಯನಲ್ಲ. ಕೊನೆಗೆ ಕಣ್ಣೊರೆಸಿಕೊಂಡರು.

‘ಮನುಷ್ಯ ಅಂದ್ಮೇಲೆ ಒಂದು ತಪ್ಪು ಆಗುತ್ತೆ. ಆ ಪರೀಕ್ಷೆ ಫೈಲುಗಳ ವಿಚಾರ ಒಂದು ಬಿಟ್ರೆ ನಮ್ಮ ಮೇಡಂ ಚಿನ್ನ. ಅದನ್ನೂ ನಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ವಿ.’

ನಾನು ಯಾವಾಗ ಎದ್ದೆನೋ ನನಗೇ ತಿಳಿಯಲಿಲ್ಲ. ‘ತಪ್ಪು ಅವರದ್ದಲ್ಲ’ ಎಂದು ಕೂಗಿದೆ. ‘ಅವರು ಚೀಟಿ ಬರೆದಿಟ್ಟು ಹೋಗಿದ್ರು. ನಾನು ಓದಿ, ಕಿತ್ತು, ಜೇಬಿಗೆ ಹಾಕ್ಕೊಂಡೆ. ಅಳಿಸಿದವನೂ ನಾನೇ. ವರದಿ ಸುಳ್ಳು. ಅದು ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕ್ದೆ. ಅಳಿಸಿ ಅಂತ ಹೇಳಿದ್ದು ನೀವು ಸಾರ್. ಕ್ಷಮಿಸೋಕೆ ನೀವ್ಯಾರು?’

ಪ್ರಾಂಶುಪಾಲರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ‘ದುಃಖದಲ್ಲಿದ್ದಾರೆ, ಪಾಪ. ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ’ ಎಂದರು. ಎಲ್ಲರೂ ಎದ್ದರು. ನಾನು ಆಗಲೇ ನಿಂತಿದ್ದೆ. ಆ ಒಂದು ನಿಮಿಷದಲ್ಲಿ ನನ್ನ ಕಡೆ ತಿರುಗಿ ನೋಡಿದವರು ಕಸ ಗುಡಿಸುವ ಅಮ್ಮ ಒಬ್ಬರೇ.

ಹೊರಗೆ ಟೀ ಕೊಡುತ್ತಿದ್ದರು. ಕಂಬದ ಹತ್ತಿರ ಒಬ್ಬಳು ನನಗಾಗಿ ಕಾಯುತ್ತಿದ್ದಳು. ತಾಯಲೂರಿನ ಹುಡುಗಿ. ಹುಡುಗಿ ಎನ್ನುವ ವಯಸ್ಸು ದಾಟಿದೆ, ಆದರೆ ಆ ನೇರ ನೋಟ ಹಾಗೇ ಇತ್ತು. ನಾನು ಏನಾದರೂ ಹೇಳುವ ಮುಂಚೆ ಅವಳೇ ಮಾತಾಡಿದಳು.

‘ನಂಗೆ ಗೊತ್ತಿತ್ತು ಸಾರ್. ಮೇಡಂ ಆವಾಗ್ಲೇ ಹೇಳಿದ್ರು. ಕಿತ್ತವರು ಯಾರು ಅಂತ ಗೊತ್ತು, ಅವರೇ ಬಂದು ಹೇಳ್ತಾರೆ, ನೀನು ಕೇಳೋಕೆ ಹೋಗ್ಬೇಡ ಅಂದಿದ್ರು. ನಾನು ಅವರ ಮನೆಗೆ ಹೋದಾಗೆಲ್ಲ ಕೇಳ್ತಿದ್ದೆ, ಬಂದಿದ್ರಾ ಮೇಡಂ ಅಂತ. ಇಲ್ಲ ಕಣೇ, ಬರ್ತಾರೆ ಅನ್ನೋರು. ಹೋದ ತಿಂಗಳೂ ಹಂಗೇ ಅಂದ್ರು.’

ಮೇಡಂ ಮನೆಯಿದ್ದ ಶ್ರೀನಿವಾಸಪುರ ನನ್ನ ಮನೆಯಿಂದ ಒಂದು ಬಸ್ಸಿನ ದೂರ. ಏಳು ವರ್ಷ.

‘ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?’ ಎಂದೆ. ಇಲ್ಲ ಎನ್ನುತ್ತಾಳೆ ಎಂದು ಕಾದೆ. ನಾನು ಇವತ್ತಿಗೂ ಅಂಥ ಮನುಷ್ಯನೇ.

‘ಇದೆ ಸಾರ್’ ಎಂದಳು. ‘ಇವತ್ತು ಹೇಳಿದ್ರಿ ಅಂತ ಅದೇನು ಹೋಗಲ್ಲ.’

ಕೈಯಲ್ಲಿದ್ದ ಟೀ ಕುಡಿಯದೆ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು, ಮುಳಬಾಗಿಲಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.